ಫ್ಯಾಮಿಲಿ ರೂಮಿನ ಫೌಜದಾರ

ಎದುರಿಗೆ ಯಾರಾದರೂ ಕುಳಿತಿದ್ದರೆ ನನಗೆ ತಿನ್ನಲು ಬರುವುದಿಲ್ಲ. ಕೆಲವರಿಗೆ ಹಾಡಲು ಬರುವುದಿಲ್ಲ, ಕೆಲವರಿಗೆ ಈಜಲು ಬರುವುದಿಲ್ಲ; ಹಾಗೆಯೇ ಇದು. ಒಬ್ಬಳೇ ಇದ್ದರೆ ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಊಟಕ್ಕೆ ಎಲ್ಲರ ಜೊತೆ ಕುಳಿತು ಒಂದೂವರೆ ಚಪಾತಿ ತಿಂದು ಏಳುತ್ತಿದ್ದೆ. ಗೆಳತಿಯರು ಸ್ನಾನಕ್ಕೆ ಸಾಲುಗಟ್ಟಿದಾಗ ಟ್ರಂಕಿನ ಬೀಗ ತೆಗೆದು, ಹಾನಗಲ್ಲಿನಿಂದ ಅವ್ವ ಕಳಿಸಿದ ಶೇಂಗಾ ಹೋಳಿಗೆಯಲ್ಲಿ ಮೂರನ್ನು ನಿಂತಲ್ಲೇ ಮುಗಿಸುತ್ತಿದ್ದೆ. "ಪಾಪ, ಆಕಿ ಗಾಳಿ ಕುಡದ ಬದಕ್ತಾಳ" ಎಂದು ಗೆಳತಿಯರು ಮರುಗುತ್ತಿದ್ದರು. ನಾನು ತಿದ್ದಲಿಲ್ಲ. ನನ್ನ ಬಗ್ಗೆ ಜನ ತಪ್ಪು ತಿಳಿದಾಗ ತಿದ್ದದೆ ಸುಮ್ಮನಿರುವುದು ನನ್ನ ಹಳೆಯ ಅಭ್ಯಾಸ. ಇದನ್ನು ಕೆಲವರು ಗಾಂಭೀರ್ಯ ಎನ್ನುತ್ತಾರೆ, ಕೆಲವರು ಬಿಗುಮಾನ ಎನ್ನುತ್ತಾರೆ. ಎರಡಕ್ಕೂ ಹೊಂದುವ ಮುಖ ದೇವರು ಕೊಟ್ಟಿದ್ದಾನೆ. ಮುಂದೆ ಹೇಳಲಿರುವ ಅನಾಹುತಕ್ಕೂ ಈ ಅಭ್ಯಾಸವೇ ಮೂಲ.

ಓದು ಮುಗಿಸಿ ಸವಣೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅಕ್ಕೋರಾಗಿ ಬಂದೆ. ಗೌರವ್ವ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಹಿಂದಿನ ಖೋಲಿ ನನಗೆ ಸಿಕ್ಕಿತು. ಆ ವರ್ಷ ನಮ್ಮ ಓಣಿಯ ಕೊನೆಯ ಬಯಲಿನಲ್ಲಿ ಒಂದು ನಾಟಕ ಕಂಪನಿ ಬಂದು ತಗಡಿನ ಥೇಟರು ಕಟ್ಟಿತು. ಹಿರೇಕೆರೂರಿನಲ್ಲಿ ಎರಡು ತಿಂಗಳು ಆಡಿ ಬಂದಿದ್ದರು. ಇಲ್ಲಿ ಮುಗಿಸಿ ಶಿಗ್ಗಾವಿಗೆ ಹೋಗುವವರಿದ್ದರು. ಕಂಪನಿಯ ಮುಖ್ಯ ನಟಿ ಚಂಪಾಬಾಯಿಗೆ ಗೌರವ್ವ ಮುಂದಿನ ಖೋಲಿ ಕೊಟ್ಟಳು. ಹೀಗೆ ನನಗೂ ರಂಗಭೂಮಿಗೂ ನಡುವೆ ಉಳಿದದ್ದು ಒಂದು ಮಣ್ಣಿನ ಗೋಡೆ ಮಾತ್ರ. ಚಂಪಾಬಾಯಿ ಬೆಳಿಗ್ಗೆ ಹತ್ತಕ್ಕೆ ಏಳುತ್ತಿದ್ದಳು, ಎದ್ದ ಕೂಡಲೇ ಎಲೆ ಅಡಿಕೆ ಹಾಕುತ್ತಿದ್ದಳು, ಸವಣೂರಿನ ಎಲೆ ತಿಂದ ಮೇಲೆ ಬೇರೆ ಊರಿನ ಎಲೆ ಕಾಗದ ತಿಂದ ಹಾಗೆ ಎನ್ನುತ್ತಿದ್ದಳು. ನಾನು ಹತ್ತು ಮಾತಿಗೆ ಒಂದು ಆಡಿದರೆ ಉಳಿದ ಒಂಬತ್ತನ್ನೂ ಆಕೆಯೇ ನನ್ನ ಪರವಾಗಿ ಆಡುತ್ತಿದ್ದಳು. ಇಂಥ ಸ್ನೇಹ ನನಗೆ ಬಹಳ ಅನುಕೂಲ.

ನಾಟಕ ಬಂತೆಂದರೆ ಅದರ ಹಿಂದೆ ಹೊಟ್ಟೆಯ ಸಂಸಾರವೂ ಬರುತ್ತದೆ. ವಾರದೊಳಗೆ ಥೇಟರಿನ ಸುತ್ತ ಇನ್ನೊಂದು ಊರೇ ನಿಂತಿತು. ಟಿಕೆಟ್ ಕಿಟಕಿಯ ಬಲಕ್ಕೆ ಗಿರ್ಮಿಟ್ ಗಾಡಿ. ಅದರ ಪಕ್ಕ ಗೋಲಿ ಸೋಡಾ. ಖಳನಾಯಕ ಕತ್ತಿ ಎತ್ತುವ ಹೊತ್ತಿಗೆ ಸರಿಯಾಗಿ ಹೊರಗೆ 'ಠಪ್' ಎಂದು ಸೋಡಾ ಒಡೆದು ಒಳಗಿನವರು ಬೆಚ್ಚುತ್ತಿದ್ದರು. ಎಡಕ್ಕೆ ಖಾರಾ ಮಾರುವವರು; ಚುರಮುರಿಯ ಜೊತೆ ಬೆರೆಸಿ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಎದುರಿಗೆ ಚಹಾದ ಅಂಗಡಿ. ಓಣಿ ತಿರುಗಿದರೆ ನಟರೆಲ್ಲ ರೊಟ್ಟಿ ತಿನ್ನುವ ಖಾನಾವಳಿ. ಅಲ್ಲಿ ನಾಟಕದ ಜಮೀನುದಾರನೂ ಅವನಿಂದ ಮನೆ ಕಳೆದುಕೊಂಡ ಬಡವನೂ ಒಂದೇ ತಾಟಿನಿಂದ ಝುಣಕ ಹಂಚಿಕೊಳ್ಳುವುದನ್ನು ಕಾಣಬಹುದಿತ್ತು. ಇವೆಲ್ಲಕ್ಕೂ ಕಳಶವಿಟ್ಟಂತೆ, ಥೇಟರಿನ ತಗಡಿಗೆ ಒರಗಿಕೊಂಡೇ ಗುರುನಾಥಪ್ಪನ ಹೋಟೆಲು.

ಗುರುನಾಥಪ್ಪನ ಹೋಟೆಲಿನ ಮಿರ್ಚಿಯ ಬಗ್ಗೆ ಬರೆಯುವಾಗ ನನ್ನ ಭಾಷೆ ಹಿಡಿತ ತಪ್ಪಬಾರದೆಂದು ಎಚ್ಚರಿಕೆ ವಹಿಸುತ್ತಿದ್ದೇನೆ. ಉದ್ದನೆಯ ಹಸಿಮೆಣಸಿನಕಾಯಿ, ಸೀಳಿದ ಹೊಟ್ಟೆಯಲ್ಲಿ ಜೀರಿಗೆ, ಉಪ್ಪು, ಹುಣಸೆ. ಮೇಲೆ ಕಡಲೆಹಿಟ್ಟಿನ ಅಂಗಿ. ಅದು ಎಣ್ಣೆಯಿಂದ ಎದ್ದು ಹತ್ತು ನಿಮಿಷ ಮಾತ್ರ ಮಿರ್ಚಿ. ಆಮೇಲೆ ತೋಯ್ದ ಟೋಪಿ. ಆದ್ದರಿಂದ ಕಟ್ಟಿಸಿಕೊಂಡು ಮನೆಗೆ ತಂದು, ಬಾಗಿಲು ಹಾಕಿಕೊಂಡು ತಿನ್ನುವ ನನ್ನ ಎಂದಿನ ಉಪಾಯ ಇಲ್ಲಿ ನಡೆಯುತ್ತಿರಲಿಲ್ಲ. ಗುರುನಾಥಪ್ಪನ ಇನ್ನೊಂದು ವಿಶೇಷವೆಂದರೆ ಆತ ನಾಟಕವನ್ನು ನೋಡಿರಲೇ ಇಲ್ಲ, ಬರೀ ಕೇಳಿದ್ದ. ಹಣದ ಗಲ್ಲೆ ಬಿಟ್ಟು ಏಳುವ ಜಾಯಮಾನದವನಲ್ಲ. ತಗಡಿನ ಆಚೆಯಿಂದ ಬರುವ ಮಾತು ಕೇಳಿಕೊಂಡೇ ಅಡುಗೆ ನಡೆಸುತ್ತಿದ್ದ. ನಾಯಕನ ತಾಯಿ ಕೆಮ್ಮಲು ಶುರು ಮಾಡಿದರೆ ಒಲೆಗೆ ಕಟ್ಟಿಗೆ. ತಾಯಿ ಸತ್ತರೆ ಬಾಣಲೆಗೆ ಎಣ್ಣೆ. ಹಾಸ್ಯದವನು ಹಾಡು ಎತ್ತಿದ ಕೂಡಲೇ "ಬಿಡೋ ಮಿರ್ಚಿ!" ಎಂದು ಅಡುಗೆಮನೆಗೆ ಕೂಗು. ಇಂಟರ್‌ವಲ್ ಗಂಟೆ ಹೊಡೆಯುವುದಕ್ಕೂ ಮೊದಲ ತಾಟು ಹೊರಬರುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ತಾಯಿಯ ಪಾತ್ರದವಳಿಗೆ ನಿಜವಾಗಿಯೇ ನೆಗಡಿಯಾಗಿ ಮೊದಲ ದೃಶ್ಯದಿಂದಲೇ ಕೆಮ್ಮಿ, ಅರ್ಧ ಗಾಡಿ ಕಟ್ಟಿಗೆ ಸುಟ್ಟುಹೋಯಿತಂತೆ.

ಆ ಹೋಟೆಲಿನ ಮುಂಭಾಗದ ತುಂಬ ಗಂಡಸರು. ಅವರಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿನಿಯರ ತಂದೆಯರು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಊರೆಲ್ಲ ದೊಡ್ಡಕ್ಕೋರು ಎನ್ನುತ್ತಿತ್ತು. ಅವರು ನನಗೆ ಮೊದಲ ದಿನವೇ ಹೇಳಿದ್ದರು: "ನೋಡವಾ, ಅಕ್ಕೋರು ಬಾಯಿ ತಗದ್ರ ಪಾಠ ಬರಬೇಕು. ಅದ ಬಾಯಾಗ ಭಜಿ ಹೋಗೂದನ್ನ ಹುಡುಗ್ಯಾರು ಕಂಡ್ರಂದ್ರ, ಮುಗೀತು, ಮರುದಿನ ಯಾರೂ ಅಂಜೂದಿಲ್ಲ." ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಬೇಸಿಗೆಯ ರಜೆಗೆ ಮೊದಲು ನನ್ನ ನಡತೆಯ ಬಗ್ಗೆ ದೊಡ್ಡಕ್ಕೋರು ನಾಲ್ಕು ಸಾಲು ಬರೆದು ಆಡಳಿತ ಮಂಡಳಿಗೆ ಕೊಡಬೇಕಿತ್ತು. ಒಂದು ಕಡೆ ಆ ನಾಲ್ಕು ಸಾಲು. ಇನ್ನೊಂದು ಕಡೆ, ದಿನವೂ ಸಂಜೆ ನನ್ನ ಕಿಟಕಿಯಿಂದ ಒಳಬರುವ ಎಣ್ಣೆಯ ಪರಿಮಳ. ಹದಿನೇಳು ದಿನ ತಡೆದೆ. ಲೆಕ್ಕ ಸರಿಯಾಗಿದೆ.

ಹದಿನೆಂಟನೆಯ ದಿನ ನನಗೆ ಹೋಟೆಲಿನ ಪಕ್ಕದ ಸಂದಿಯ ಬಾಗಿಲು ಕಣ್ಣಿಗೆ ಬಿತ್ತು. ಅದರ ಮೇಲೆ 'ಫ್ಯಾಮಿಲಿ ರೂಂ' ಎಂಬ ಬೋರ್ಡು. ಹಸಿರು ಪರದೆ, ಒಳಗೆ ಎರಡು ಬೆಂಚು, ಒಂದು ಮಂಕು ಬಲ್ಬು. ಮುಂದಿನ ಗಂಡಸರ ನಡುವೆ ಹಾಯದೆ, ಸಂದಿಯಿಂದ ನೇರವಾಗಿ ಒಳಗೆ ಹೋಗಬಹುದು. ಇದನ್ನು ಯಾರೋ ನನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ್ದಾರೆ ಎನಿಸಿತು. ಪರದೆ ಸರಿಸಿ ಒಳಗೆ ಕುಳಿತೆ. ಗುರುನಾಥಪ್ಪ ಗಲ್ಲೆಯ ಕಡೆಯಿಂದ ಇಣುಕಿದ.

"ಬರ್ರಿ ಅಕ್ಕೋರ. ಯಜಮಾನ್ರು ಹಿಂದ ಬರಾಕತ್ತಾರೇನ್ರಿ?"

"ಇಲ್ರಿ, ನಾ ಒಬ್ಬಾಕಿನ."

ಆತನ ಮುಖದಲ್ಲಿ ನಿಜವಾದ ಸಂಕಟ ಕಾಣಿಸಿತು. "ಒಬ್ಬಾಕಿ ಅಂದ್ರ ಅದು ಫ್ಯಾಮಿಲಿ ಹೆಂಗ ಆಗ್ತೈತ್ರಿ ಅಕ್ಕೋರ? ಫ್ಯಾಮಿಲಿ ಅಂದ ಮ್ಯಾಲೆ ಯಾರದರ ಫ್ಯಾಮಿಲಿ ಆಗಿರಬೇಕಲ್ರಿ. ನೀವು ಯಾರ ಫ್ಯಾಮಿಲಿರಿ?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಫ್ಯಾಮಿಲಿ ಎಂದರೆ ಸಂಸಾರವಲ್ಲ, ಹೆಂಡತಿ. "ನಮ್ಮ ಫ್ಯಾಮಿಲಿಗೆ ಹಲ್ಲು ನೋವು" ಎಂದು ಒಬ್ಬ ಮನುಷ್ಯ ಹೇಳಿದರೆ ಮನೆಮಂದಿಯ ಹಲ್ಲೆಲ್ಲ ಕೆಟ್ಟಿವೆ ಎಂದು ಅರ್ಥವಲ್ಲ. ಗೌರವ್ವನನ್ನು ಜೊತೆಗೆ ಕರೆತಂದರೆ ಆಗುತ್ತದೆಯೇ ಎಂದು ಕೇಳಿದೆ. ಗುರುನಾಥಪ್ಪ ಸ್ವಲ್ಪ ಯೋಚಿಸಿ, "ಎರಡು ಫ್ಯಾಮಿಲಿ ಕೂಡಿದ್ರೂ ಒಬ್ರು ಯಜಮಾನ್ರು ಆಗೂದಿಲ್ಲಲ್ರಿ" ಎಂದ. ತರ್ಕದಲ್ಲಿ ದೋಷವಿರಲಿಲ್ಲ. ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಪ್ರಬಂಧ ಬರೆದು ಧಾರವಾಡದಲ್ಲಿ ಬಹುಮಾನ ಪಡೆದವಳು ನಾನು. ಆದರೆ ಆ ಪ್ರಬಂಧದಲ್ಲಿ ಎಲ್ಲಿಯೂ ಮಿರ್ಚಿಯ ಪ್ರಸ್ತಾಪ ಇರಲಿಲ್ಲ. ಎದ್ದು ಬಂದೆ.

ಮರುದಿನ ಚಂಪಾಬಾಯಿಗೆ ಇದನ್ನು ನಾಲ್ಕೇ ಮಾತಿನಲ್ಲಿ ಹೇಳಿದೆ. ಆಕೆ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿ ನಕ್ಕಳು. "ಇಷ್ಟ ಹೌದಿಲ್ಲೋ? ಯಜಮಾನ ಬೇಕು. ದಿನಾ ಇಂಟರ್‌ವಲ್‌ನ್ಯಾಗ ಒಬ್ಬ ಯಜಮಾನ ಖಾಲಿ ಕುಂತಿರ್ತಾನ ನೋಡು, ನಾನ!"

ಆಗ ಆಡುತ್ತಿದ್ದ ನಾಟಕದಲ್ಲಿ ಚಂಪಾಬಾಯಿಯದು, ಅಣ್ಣನ ಮೇಲೆ ಬಂದ ಸುಳ್ಳು ಆರೋಪ ಬಯಲು ಮಾಡಲು ಫೌಜದಾರನ, ಎಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರನ, ವೇಷ ಹಾಕುವ ತಂಗಿಯ ಪಾತ್ರ. ಇಂಟರ್‌ವಲ್‌ಗೆ ಸ್ವಲ್ಪ ಮೊದಲು ಖಾಕಿ ಡ್ರೆಸ್ಸು, ಬೂಟು, ಮೀಸೆ, ಜಡೆಯನ್ನೆಲ್ಲ ನುಂಗಿದ ಟೋಪಿ. ಮುಂದಿನ ಅಂಕದಲ್ಲಿ ಮೊದಲ ಮಾತೇ ಫೌಜದಾರನದು. ಆದ್ದರಿಂದ ನಡುವೆ ವೇಷ ಕಳಚುವಂತಿಲ್ಲ. ಅವತ್ತು ಸಂಜೆ ಗಂಟೆ ಹೊಡೆದ ಕೂಡಲೇ ಥೇಟರಿನ ಹಿಂಬಾಗಿಲಿನಿಂದ ಸಂದಿಗೆ ಇಳಿದು ಬಂದಳು. ಬರುವಾಗಲೇ ನನಗೆ ಎಚ್ಚರಿಕೆ ಕೊಟ್ಟಳು: "ನಾ ಅಲ್ಲಿ ಒಂದು ಮಾತೂ ಆಡೂದಿಲ್ಲ. ಆ ಗುರುನಾಥಪ್ಪ ನಮ್ಮ ದನಿ ಒಂದೊಂದೂ ಬಲ್ಲ. ನಾ ಬಾಯಿ ತಗದ್ನಂದ್ರ ಗುರ್ತು ಹಿಡದ ಬಿಡ್ತಾನ."

ನಾವು ಕುಳಿತೆವು. ಗುರುನಾಥಪ್ಪ ಇಣುಕಿದ. ಖಾಕಿ ಕಂಡಿತು, ಮೀಸೆ ಕಂಡಿತು. ಆತನ ಕೈ ತಾನಾಗಿಯೇ ಹಣೆಗೆ ಹೋಯಿತು. ಹಳೆಯ ಫೌಜದಾರರಿಗೆ ವರ್ಗವಾಗಿ, ಹೊಸಬರು ಇಂದು ಬರುತ್ತಾರೆ ನಾಳೆ ಬರುತ್ತಾರೆ ಎಂದು ಊರು ಕಾಯುತ್ತಿದ್ದ ದಿನಗಳವು. ಇದು ನನಗೆ ಆಗ ನೆನಪಿರಲಿಲ್ಲ ಎಂದು ಬರೆಯಬೇಕೆಂದಿದ್ದೆ, ನೆನಪಿತ್ತು.

"ಸಾಹೇಬ್ರ, ಯಾವಾಗ ಬಂದ್ರಿ? ಹಾಜರಾದ್ರೇನ್ರಿ?"

ಚಂಪಾಬಾಯಿ ಗಂಟಲೊಳಗೆ "ಹೂಂ" ಎಂದಳು. ಗುರುನಾಥಪ್ಪ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಹೊಸ ಗೌರವ ಉಕ್ಕುತ್ತಿತ್ತು. "ಅಕ್ಕೋರು ನಿನ್ನೆ ಹೇಳಲೇ ಇಲ್ಲಲ್ರಿ! ನನ್ನ ತಪ್ಪು ಹೊಟ್ಯಾಗ ಹಾಕೋರ್ರಿ. ಏ, ಬಿಸಿ ಮಿರ್ಚಿ ತಾರೋ, ಸಾಹೇಬ್ರ ಫ್ಯಾಮಿಲಿ ಬಂದೈತಿ!"

ನಾನು ತಿದ್ದಲಿಲ್ಲ.

ಮಿರ್ಚಿ ಬಂತು. ಒಂದು ತೊಂದರೆ ಮಾತ್ರ ನಾವು ಎಣಿಸಿರಲಿಲ್ಲ. ಅಂಟು ಹಚ್ಚಿದ ಮೀಸೆ ಬಿಸಿ ಆವಿಗೆ ಸಡಿಲಾಗುತ್ತದೆ. ಚಂಪಾಬಾಯಿ ಒಂದು ಕೈಯಲ್ಲಿ ಮಿರ್ಚಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಮೀಸೆಯನ್ನು ಒತ್ತಿ ಹಿಡಿಯುತ್ತ ತಿನ್ನಬೇಕಾಯಿತು. ಪರದೆಯ ಸಂದಿನಿಂದ ನೋಡುವವನಿಗೆ ಅದು ಮೀಸೆ ತಿರುವಿದಂತೆ ಕಾಣುತ್ತಿತ್ತು. ಆಕೆ ಒಮ್ಮೆ ಒತ್ತಿಕೊಂಡರೆ ಒಂದು ಬಟ್ಟಲು ಚಟ್ನಿ ಬಂತು. ಮತ್ತೊಮ್ಮೆ ಒತ್ತಿಕೊಂಡರೆ ಎರಡು ಚಹಾ ಬಂದವು. ನಾನು ನಾಲ್ಕು ತಿಂದೆ. ಚಂಪಾಬಾಯಿ ಎದುರಿಗಿದ್ದರೂ ಆಕೆಯ ಗಮನವೆಲ್ಲ ಮೀಸೆಯ ಮೇಲಿತ್ತು, ಹೀಗಾಗಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಗಂಟೆ ಹೊಡೆದಾಗ ಗುರುನಾಥಪ್ಪ ಬಾಗಿಲ ತನಕ ಬಂದು, "ಸಾಹೇಬ್ರು ಕೆಂಪಗ, ಎಷ್ಟು ಚಂದ ಅದಾರ್ರಿ" ಎಂದು ನನ್ನ ಕಿವಿಯ ಬಳಿ ಹೇಳಿದ. ಅದು ಬಣ್ಣದ ಕೆಂಪು. ಸಾಹೇಬರು ಅಷ್ಟು ಹೊತ್ತಿಗೆ ಸಂದಿಯಲ್ಲಿ ಓಡುತ್ತಿದ್ದರು.

ಅಲ್ಲಿಂದ ಮುಂದೆ, ನಿಜವಾದ ಫೌಜದಾರರು ಇನ್ನೂ ಹಾಜರಾಗದ ಮೂರು ವಾರ ನನ್ನ ಜೀವನದ ಸುವರ್ಣಯುಗ. ಒಮ್ಮೆ ಯಾರದೋ ಫ್ಯಾಮಿಲಿ ಎಂದು ದಾಖಲಾದ ಮೇಲೆ ಯಜಮಾನರು ಎದುರಿಗೆ ಇರಲೇಬೇಕೆಂಬ ನಿಯಮವಿರಲಿಲ್ಲ. ಸಂಜೆ ಹೋಗುತ್ತಿದ್ದೆ, ಹಸಿರು ಪರದೆ ಎಳೆದುಕೊಳ್ಳುತ್ತಿದ್ದೆ, ಒಬ್ಬಳೇ ಕುಳಿತು ನಾಲ್ಕು ಮಿರ್ಚಿಯನ್ನು ಸಾವಕಾಶವಾಗಿ, ನನಗೆ ಬೇಕಾದ ಸದ್ದು ಮಾಡುತ್ತ ತಿನ್ನುತ್ತಿದ್ದೆ. "ಸಾಹೇಬ್ರು ಬರಲಿಲ್ಲೇನ್ರಿ?" ಎಂದು ಗುರುನಾಥಪ್ಪ ಕೇಳಿದರೆ, "ಡ್ಯೂಟಿ ಮ್ಯಾಲೆ ಅದಾರ್ರಿ" ಎನ್ನುತ್ತಿದ್ದೆ. ಇದರಲ್ಲಿ ಸುಳ್ಳಿಲ್ಲ. ಸಾಹೇಬರು ಆ ಹೊತ್ತಿನಲ್ಲಿ ತಗಡಿನ ಆಚೆ ಡ್ಯೂಟಿಯಲ್ಲೇ ಇದ್ದರು. "ಮಾತು ಭಾಳ ಕಡಿಮಿ ಅಲ್ರಿ ಸಾಹೇಬ್ರದು?" ಎಂದರೆ, "ಮನ್ಯಾಗ ಆಡ್ತಾರ್ರಿ" ಎನ್ನುತ್ತಿದ್ದೆ. ಅದೂ ನಿಜ. ಇಡೀ ಪ್ರಕರಣದಲ್ಲಿ ನಾನು ಒಂದೇ ಒಂದು ಸುಳ್ಳನ್ನೂ ಹೇಳಿಲ್ಲ. ಇದರ ಬಗ್ಗೆ ನನಗೆ ಇಂದಿಗೂ ಸ್ವಲ್ಪ ಹೆಮ್ಮೆಯಿದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ದೊಡ್ಡಕ್ಕೋರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಕಾಗದವಿತ್ತು. ಮೇಲಿನ ಸಾಲಿನಲ್ಲಿ ನನ್ನ ಹೆಸರು. ಕೆಳಗೆ "ನಡತೆ ಗಂಭೀರ. ಮಿತಭಾಷಿ, ಮಿತಾಹಾರಿ" ಎಂದು ಬರೆದು, ಪೆನ್ನು ಅಲ್ಲಿಗೇ ನಿಂತಿತ್ತು.

"ಕುಂದ್ರವಾ. ನೀ ಲಗ್ನ ಆಗೀಯಂತ?"

"ಇಲ್ರಿ."

"ಇಲ್ಲ? ಮತ್ತ ಗುರುನಾಥಪ್ಪನ ಹೋಟೆಲಿನ್ಯಾಗ ಫೌಜದಾರನ ಜೋಡಿ ಪರದೆ ಹಾಕ್ಕೊಂಡು ಕುಂತಿದ್ದಿ ಅಂತ ಊರೆಲ್ಲ ಅನ್ನಾಕತ್ತೈತಿ."

"ನಾ ಯಾವ ಗಂಡಸರ ಜೋಡಿನೂ ಕುಂತಿಲ್ರಿ."

"ಮೀಸಿ ಇತ್ತಂತ!"

"ಮೀಸಿ ಇತ್ರಿ" ಎಂದೆ.

ದೊಡ್ಡಕ್ಕೋರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೀಸಿ ಇತ್ತು, ಗಂಡಸು ಇರಲಿಲ್ಲ. ಇದೇನು ಒಗಟೇನವಾ? ನಾ ಮಂಡಳಿಯವರಿಗೆ ಏನಂತ ಬರೀಲಿ? ಲಗ್ನ ಆಗಿದ್ರ ಹೇಳು, ಸಂತೋಷ. ಆಗಿಲ್ಲಂದ್ರ ಈ ಕಾಗದ ನಾ ಹರೀಬೇಕಾಗ್ತೈತಿ."

ಒಂದು ವರ್ಷದ ಕೆಲಸ, ಹಾನಗಲ್ಲಿನಲ್ಲಿ ಅಪ್ಪ ಎಲ್ಲರಿಗೂ ಹೇಳಿಕೊಂಡ "ನಮ್ಮ ಹುಡುಗಿ ಹೈಸ್ಕೂಲಿನ್ಯಾಗ ಅದಾಳ" ಎಂಬ ಮಾತು, ಎಲ್ಲವೂ ಒಂದು ಅಂಟಿನ ಮೀಸೆಗೆ ತೂಗುಬಿದ್ದಿದ್ದವು. ಬಾಯಿಬಿಟ್ಟು ವಿವರಿಸಿದರೆ ಮಿರ್ಚಿಯನ್ನೂ ಒಪ್ಪಿಕೊಳ್ಳಬೇಕು. ನಾನು, ನನ್ನ ಸ್ವಭಾವಕ್ಕೆ ತಕ್ಕಂತೆ, ಒಂದೇ ಮಾತು ಹೇಳಿದೆ. "ನಾಳೆ ಕಂಪನಿಯ ಕಡೀ ಆಟ ಐತ್ರಿ. ನನ್ನ ಜೋಡಿ ಬರ್ರಿ, ಎಲ್ಲಾ ತಿಳೀತೈತಿ." ಕೊನೆಯ ದೃಶ್ಯದಲ್ಲಿ ಫೌಜದಾರ ಮೀಸೆ ಕೀಳುತ್ತಾನೆ. ದೊಡ್ಡಕ್ಕೋರು ನೋಡುತ್ತಾರೆ. ನಾನು ಮೆಲ್ಲಗೆ ಅವರ ಕಿವಿಯಲ್ಲಿ "ಇವರೇ" ಎನ್ನುತ್ತೇನೆ. ಮೂರನೆಯವರಿಗೆ ಗೊತ್ತಾಗುವುದಿಲ್ಲ. ಇದು ನನ್ನ ಯೋಜನೆ.

ಯೋಜನೆಯಲ್ಲಿ ನಾನು ಬಿಟ್ಟ ಅಂಶವೆಂದರೆ ಕಂಪನಿಯವರ ಸೌಜನ್ಯ. ಒಂದೂವರೆ ತಿಂಗಳು ಮಿರ್ಚಿ ತಿನ್ನಿಸಿದ ಗುರುನಾಥಪ್ಪನಿಗೆ ಅವರು ಕೊನೆಯ ಆಟಕ್ಕೆ ಪಾಸು ಕೊಟ್ಟು, "ಒಮ್ಮೆರ ನೋಡಾಕ ಬರ್ರಿ" ಎಂದು ಕೈಮುಗಿದಿದ್ದರು. ಹೆಂಗಸರ ಸಾಲಿನಲ್ಲಿ ದೊಡ್ಡಕ್ಕೋರಿಗೂ ಗೌರವ್ವನಿಗೂ ನಡುವೆ ಕುಳಿತು ತಿರುಗಿ ನೋಡಿದರೆ, ಗಂಡಸರ ಕಡೆ ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುರುನಾಥಪ್ಪ ಕುಳಿತಿದ್ದ. ತಾಯಿ ಕೆಮ್ಮಿದಾಗ ಅಭ್ಯಾಸಬಲದಿಂದ ಎದ್ದು, ಮತ್ತೆ ಕುಳಿತ. ಹಾಸ್ಯದವನ ಹಾಡಿಗೆ ಅವನ ತುಟಿ "ಬಿಡೋ" ಎಂದು ಅಲುಗಿತು. ಫೌಜದಾರ ರಂಗಕ್ಕೆ ಬಂದ. ಗುರುನಾಥಪ್ಪ ಕುತ್ತಿಗೆ ಉದ್ದ ಮಾಡಿದ. ಫೌಜದಾರ ಬಾಯಿ ತೆರೆದು ಮಾತಾಡಿದ. ಗುರುನಾಥಪ್ಪ ಒಮ್ಮೆ ಕಣ್ಣು ಮುಚ್ಚಿ ಕೇಳಿದ, ಒಮ್ಮೆ ಕಣ್ಣು ತೆರೆದು ನೋಡಿದ. ಕಿವಿಗೂ ಕಣ್ಣಿಗೂ ಅವನೊಳಗೆ ದೊಡ್ಡ ಜಗಳ ನಡೆದಿತ್ತು. ಇಂಟರ್‌ವಲ್ಲಿನಲ್ಲಿ ಹೋಟೆಲಿಗೆ ಹೋಗಲಿಲ್ಲ. ಅಲ್ಲೇ ಕುಳಿತು ಪರದೆಯನ್ನೇ ನೋಡುತ್ತಿದ್ದ. ಕೊನೆಯ ದೃಶ್ಯದಲ್ಲಿ ಖಳನಾಯಕ ನೆಲಕ್ಕೆ ಬಿದ್ದ. ಚಂಪಾಬಾಯಿ ಟೋಪಿ ತೆಗೆದು, ಜಡೆ ಜಾರಿಸಿ, ಮೀಸೆ ಕಿತ್ತು ಎತ್ತಿ ಹಿಡಿದಳು. ಚಪ್ಪಾಳೆ ಬೀಳುವ ಮೊದಲೇ, ಅಡುಗೆಮನೆಗೆ ಕೂಗಿ ಪಳಗಿದ ಗಂಟಲೊಂದು ಇಡೀ ಥೇಟರಿನಲ್ಲಿ ಮೊಳಗಿತು.

"ಏಯ್! ಇವ್ರು ನಮ್ಮ ಅಕ್ಕೋರ ಯಜಮಾನ್ರು!"

ಸವಣೂರು ಊರಿಗೆ ಊರೇ ತಿರುಗಿ ನನ್ನ ಕಡೆ ನೋಡಿತು. ಸತ್ತುಬಿದ್ದ ಖಳನಾಯಕನೂ ಒಂದು ಮೊಣಕೈಯ ಮೇಲೆ ಎದ್ದು ನೋಡಿದ. ಕಂಪನಿ ನಾಟಕದವರಿಗೆ ಪ್ರೇಕ್ಷಕರ ಮಾತಿಗೆ ಮಾತು ಜೋಡಿಸುವುದು ನೀರು ಕುಡಿದಷ್ಟು ಸುಲಭ. ಚಂಪಾಬಾಯಿ ಒಂದು ಕ್ಷಣವೂ ತಡೆಯಲಿಲ್ಲ. ಕಿತ್ತ ಮೀಸೆಯನ್ನು ಮತ್ತೆ ಮೂಗಿನ ಕೆಳಗೆ ಒತ್ತಿ ಹಿಡಿದು ಮೈಕಿನ ಬಳಿ ಬಂದಳು.

"ಹೌದ್ರಿ ಮಾಲಕರ! ನಾನ ಅಕ್ಕೋರ ಯಜಮಾನ. ನಾಳೆ ನನಗ ಶಿಗ್ಗಾವಿಗೆ ವರ್ಗ ಆಗೈತಿ. ನಾ ಇಲ್ಲಂತ ನಮ್ಮ ಫ್ಯಾಮಿಲಿನ ಹೊರಗ ನಿಲ್ಲಿಸಿದ್ರಿ, ಖಬರ್‌ದಾರ್! ದಿನಾ ನಾಕು ಮಿರ್ಚಿ, ಬಿಸಿಬಿಸಿ, ಮ್ಯಾಲೆ ಒಂದು ಚಹಾ. ಇದು ಫೌಜದಾರನ ಹುಕುಂ!"

"ಆಗ್ಲಿರಿ ಸಾಹೇಬ್ರ!" ಎಂದು ಗುರುನಾಥಪ್ಪ ಸಲಾಮು ಹೊಡೆದ. ತಗಡು ಹಾರಿಹೋಗುವಂತೆ ಜನ ನಕ್ಕರು. ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ದೊಡ್ಡಕ್ಕೋರ ಕಡೆ ತಿರುಗಿ, ಯೋಜನೆಯಂತೆ, ಮೆಲ್ಲಗೆ "ಇವರ ರೀ" ಎಂದೆ. ದೊಡ್ಡಕ್ಕೋರ ಹೊಟ್ಟೆ ಕುಣಿಯುತ್ತಿತ್ತು. ನನ್ನ ಕಡೆ ಬಾಗಿ, ಬಹಳ ಗಂಭೀರವಾಗಿ ಕೇಳಿದರು: "ನಾಕಾ? ನನಗ ಎರಡಕ್ಕ ಎದಿ ಉರೀತೈತಲ್ಲವಾ."

ಮೂರು ದಿನದ ನಂತರ ಕಾಗದ ಮಂಡಳಿಗೆ ಹೋಯಿತು. ಕೆಲಸ ಕಾಯಂ ಆಯಿತು. ನನಗೆ ಕೊಟ್ಟ ಪ್ರತಿಯಲ್ಲಿ 'ನಡತೆ ಗಂಭೀರ, ಮಿತಭಾಷಿ' ಎಂದಿತ್ತು. ಅದರ ಮುಂದಿನ ಒಂದು ಪದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು.

ಕಂಪನಿ ಶಿಗ್ಗಾವಿಗೆ ಹೋಯಿತು. ಬಯಲಿನಲ್ಲಿ ಗೂಟದ ಕುಳಿಗಳೂ, ಅಷ್ಟರಲ್ಲಿ ಬೇರು ಬಿಟ್ಟಿದ್ದ ಗುರುನಾಥಪ್ಪನ ಹೋಟೆಲೂ ಮಾತ್ರ ಉಳಿದವು. ಒಂದು ವಾರ ನಾನು ಆ ಕಡೆ ಹೆಜ್ಜೆ ಹಾಕಲಿಲ್ಲ. ಎಂಟನೆಯ ದಿನ ಹೋದೆ. ಸಂದಿಯ ಬಾಗಿಲಿನ ಮುಂದೆ ನಿಂತು, ಇನ್ನು ಈ ಪರದೆಯಿಂದ ಮುಚ್ಚಿಡಲು ಏನು ಉಳಿದಿದೆ ಎಂದು ಯೋಚಿಸಿದೆ. ನಾನು ತಿನ್ನುತ್ತೇನೆಂಬುದೂ, ಎಷ್ಟು ತಿನ್ನುತ್ತೇನೆಂಬುದೂ ಮೈಕಿನಲ್ಲಿ ಸಾರಿಯಾಗಿತ್ತು. ಮುಂಬಾಗಿಲಿನಿಂದಲೇ ಒಳಗೆ ಹೋಗಿ ಗಲ್ಲೆಯ ಪಕ್ಕದ ಬೆಂಚಿನ ಮೇಲೆ ಕುಳಿತೆ. ಹೇಳದೆಯೇ ನಾಲ್ಕು ಮಿರ್ಚಿ ಬಂದವು. ಉಸಿರು ಬಿಗಿಹಿಡಿದು ಮೊದಲನೆಯದನ್ನು ಕಚ್ಚಿ ಸುತ್ತ ನೋಡಿದೆ. ಒಬ್ಬರೂ ನೋಡುತ್ತಿರಲಿಲ್ಲ. ತಮ್ಮ ತಮ್ಮ ತಾಟು, ತಮ್ಮ ತಮ್ಮ ಮಾತು. ಇಪ್ಪತ್ತಾರು ವರ್ಷ ಯಾರಿಂದ ಮರೆಯಾಗಿ ತಿಂದೆನೋ ಆ ಜನ ನನ್ನ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಬೇಸರವಾಯಿತು. ಎರಡನೆಯದನ್ನು ಸ್ವಲ್ಪ ಜೋರಾಗಿಯೇ ಕಚ್ಚಿದೆ. ಏನೂ ಪ್ರಯೋಜನವಾಗಲಿಲ್ಲ.

ಆದರೆ ಆ ಭಂಡತನ ಒಂದು ಹೊಸ ಹಸಿವು ತಂದಿತ್ತು. ನಾಲ್ಕೂ ಮುಗಿದ ಮೇಲೆ ನಾನು, ಜೀವನದಲ್ಲಿ ಮೊದಲ ಸಲ ನಾಲ್ಕು ಜನರ ಎದುರಿಗೆ, "ಇನ್ನೊಂದು ಕೊಡ್ರಿ" ಎಂದೆ.

ಗುರುನಾಥಪ್ಪ ಗಲ್ಲೆಯಿಂದ ಬಾಗಿ, ದನಿ ತಗ್ಗಿಸಿ, ನನ್ನ ಹಿತವನ್ನೇ ಬಯಸುವ ಮುಖದಲ್ಲಿ ಹೇಳಿದ: "ಅಕ್ಕೋರ, ಸಾಹೇಬ್ರು ನಾಕ ಅಂತ ಹೇಳಿ ಹೋಗ್ಯಾರ್ರಿ."

ಸ್ತ್ರೀ ಸ್ವಾತಂತ್ರ್ಯದ ಪ್ರಬಂಧಕ್ಕೆ ಬಹುಮಾನ ಪಡೆದವಳು ಆ ಮಾತನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಇಲ್ಲದ ಗಂಡನ ಮಾತಿಗೆ ಕಟ್ಟುಬಿದ್ದು, ಚಹಾ ಮುಗಿಸಿ, ಸೆರಗು ಸರಿಪಡಿಸಿಕೊಂಡು ಎದ್ದು ಬಂದೆ.